ಎರಡು ಪಟ್ಟು ವೇಗದ ದೆವ್ವ

ಹತ್ತು ಸೆಕೆಂಡಿನ ಒಂದು ಕ್ಲಿಪ್ ಇದೆ. ತುಂಬಾ ಗರಗರ. ಆ ಗರಗರದ ಒಳಗಿಂದ ಒಬ್ಬಳು ಪುಟ್ಟ ಹುಡುಗಿ ಹಾಡುತ್ತಿರುವಂತೆ ಕೇಳಿಸುತ್ತದೆ. ಮಾತು ಅರ್ಥವಾಗುವುದಿಲ್ಲ, ರಾಗ ಮಾತ್ರ ಸಿಗುತ್ತದೆ. ಗೋಡೆಯ ಆಚೆಯಿಂದಲೋ ನೀರಿನ ಅಡಿಯಿಂದಲೋ ಬಂದ ದನಿಯಂತೆ. ಮೊದಲ ಸಲ ಇದನ್ನು ಕೇಳಿದ್ದು ರಾತ್ರಿ ಹೊತ್ತು, ಹೆಡ್‌ಫೋನ್ ಹಾಕಿಕೊಂಡು. ಮುಗಿದ ತಕ್ಷಣ ಎದ್ದು ಹೋಗಿ ಲೈಟ್ ಹಾಕಿದ್ದೆ.

ಆ ದನಿ 1860ರ ಏಪ್ರಿಲ್ 9ರದ್ದು. ಪ್ಯಾರಿಸ್‌ನ ಎದ್ವಾರ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ ದೀಪದ ಮಸಿ ಬಳಿದ ಕಾಗದದ ಮೇಲೆ ಮನುಷ್ಯನ ದನಿಯನ್ನು ಗೆರೆಯಾಗಿ ಗೀಚಿಸಿದ್ದ. ಎಡಿಸನ್ನನ ಫೋನೋಗ್ರಾಫ್ ಬರಲು ಇನ್ನೂ 17 ವರ್ಷ ಇತ್ತು. ಸ್ಕಾಟ್‌ಗೆ ಆ ಗೆರೆಯನ್ನು ಮತ್ತೆ ನುಡಿಸುವ ಆಲೋಚನೆಯೇ ಇರಲಿಲ್ಲ. ದನಿಯನ್ನು ಕಣ್ಣಿನಿಂದ ಓದಬೇಕು ಅನ್ನುವುದಷ್ಟೇ ಅವನ ಆಸೆ. 2008ರಲ್ಲಿ ಅಮೆರಿಕದ ಸಂಶೋಧಕರು ಆ ಕಾಗದವನ್ನು ಸ್ಕ್ಯಾನ್ ಮಾಡಿ, ಗೆರೆಯನ್ನು ಕಂಪ್ಯೂಟರ್‌ನಲ್ಲಿ ಸದ್ದಾಗಿ ಬದಲಾಯಿಸಿದರು. ಹುಡುಗಿ ಹಾಡಿದಳು. ಜಗತ್ತೆಲ್ಲ ಕೇಳಿತು.

ಮರುವರ್ಷ ತಪ್ಪು ಗೊತ್ತಾಯಿತು. ದನಿಯ ಪಕ್ಕದಲ್ಲೇ ಸ್ಕಾಟ್ ಒಂದು ಟ್ಯೂನಿಂಗ್ ಫೋರ್ಕ್‌ನ (ಸದಾ ಒಂದೇ ವೇಗದಲ್ಲಿ ಕಂಪಿಸುವ ಲೋಹದ ಕವೆ) ಗೆರೆಯನ್ನೂ ಬರೆಸಿದ್ದ, ವೇಗದ ಅಳತೆಗೆ ಅಂತ. ಅದನ್ನು ಓದುವಾಗ ಲೆಕ್ಕ ತಪ್ಪಿ ವೇಗ ಎರಡು ಪಟ್ಟಾಗಿತ್ತು. ಅರ್ಧ ವೇಗಕ್ಕೆ ಇಳಿಸಿದರೆ ಹುಡುಗಿ ಮಾಯ. ಒಬ್ಬ ದೊಡ್ಡ ಗಂಡಸು ನಿಧಾನಕ್ಕೆ, ಎಚ್ಚರಿಕೆಯಿಂದ ಹಾಡುತ್ತಿದ್ದಾನೆ. ಬಹುಶಃ ಸ್ಕಾಟ್‌ನೇ.

ಹುಡುಗಿ ಇರಲೇ ಇಲ್ಲ. ಆದರೂ ನಾನು ಹೆದರಿದ್ದು ಅವಳಿಗೇ ತಾನೇ? ಹಾರರ್ ಸಿನಿಮಾದ ಸಂಗೀತವನ್ನೂ ಇಂಟರ್‌ನೆಟ್‌ನಲ್ಲಿ ಸಿಗುವ ವಿಚಿತ್ರ ಸದ್ದುಗಳನ್ನೂ ಹುಡುಕಿ ಕೇಳುವ ಚಟ ನನಗೆ ಅಂಟಿದ್ದು ಇಲ್ಲಿಂದ. ಕೇಳ್ತಾ ಕೇಳ್ತಾ ಒಂದು ವಿಷಯ ತಿಳಿಯಿತು. ಸದ್ದು ಬಂದ ಕೂಡಲೇ ಕಿವಿ ನಾವು ಹೇಳದೆಯೇ ಮೂರು ಪ್ರಶ್ನೆ ಕೇಳುತ್ತದೆ: ಯಾರದು, ಎಲ್ಲಿಂದ, ಮುಂದೇನು? ಮೂರಕ್ಕೂ ಉತ್ತರ ಸಿಕ್ಕರೆ ನೆಮ್ಮದಿ. ಒಂದು ಸಿಗದಿದ್ದರೂ ಮೈ ಜುಮ್ಮೆನ್ನುತ್ತದೆ. ಸಂಗೀತಗಾರರು ಆ ಉತ್ತರವನ್ನು ಬೇಕಂತಲೇ ಬಚ್ಚಿಡುತ್ತಾರೆ. ಹಳೆಯ ರೆಕಾರ್ಡುಗಳಲ್ಲಿ ಅದು ತಾನಾಗಿಯೇ ಕಳೆದುಹೋಗಿರುತ್ತದೆ.

ಕಾಲು ಎಲ್ಲಿ ಇಡಬೇಕು ಗೊತ್ತಾಗದ ತಾಳ

‘ಮುಂದೇನು’ ಅನ್ನುವುದನ್ನೇ ಮೊದಲು ನೋಡೋಣ. 1978ರ ‘ಹ್ಯಾಲೋವೀನ್’ ಸಿನಿಮಾದ ಪಿಯಾನೋ ಸಂಗೀತ ಎಲ್ಲಿಯಾದರೂ ಕಿವಿಗೆ ಬಿದ್ದಿರುತ್ತದೆ. ನಿರ್ದೇಶಕ ಜಾನ್ ಕಾರ್ಪೆಂಟರ್ ತಾವೇ ನುಡಿಸಿದ್ದು. ಬಾಯಲ್ಲಿ ಹೀಗೆ ಹೇಳಿ ನೋಡಿ, ಬೇಗ ಬೇಗ: ತಕಿಟ ತಕಿಟ ತಕ ತಕ, ತಕಿಟ ತಕಿಟ ತಕ ತಕ. ಮೂರು, ಮೂರು, ಎರಡು, ಎರಡು. ಒಟ್ಟು ಹತ್ತು ಅಕ್ಷರ, ಅಂದರೆ ಐದು ಏಟು. ನಾಲ್ಕು ಏಟಿನ ಪಾಪ್ ಹಾಡುಗಳಿಗೆ ಒಗ್ಗಿದ ಕಿವಿ ಇಲ್ಲಿ ಪ್ರತಿ ಸುತ್ತಿನಲ್ಲೂ ಒಂದೊಂದು ಸಲ ಮುಗ್ಗರಿಸುತ್ತದೆ. ಸುತ್ತು ಮುಗಿಯಿತು ಅಂದುಕೊಂಡಾಗ ಮುಗಿದಿರುವುದಿಲ್ಲ. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇರುವುದು ಗೊತ್ತಾಗದೆ ಕಾಲು ಗಾಳಿಗೆ ಹೋಗುತ್ತದಲ್ಲ, ಹಾಗೆ.

ಈ ತಾಳವನ್ನು ಕಾರ್ಪೆಂಟರ್‌ಗೆ ಚಿಕ್ಕಂದಿನಲ್ಲಿ ಬೊಂಗೋ ಮೇಲೆ ಹೇಳಿಕೊಟ್ಟದ್ದು ಅವರ ಅಪ್ಪ, ಅವರು ಸಂಗೀತದ ಪ್ರೊಫೆಸರ್. ಸಿನಿಮಾವನ್ನು ಸಂಗೀತ ಹಾಕುವ ಮೊದಲು ಒಬ್ಬ ಸ್ಟುಡಿಯೋ ಅಧಿಕಾರಿಗೆ ತೋರಿಸಿದಾಗ ಆಕೆಗೆ ಒಂಚೂರೂ ಭಯ ಆಗಲಿಲ್ಲವಂತೆ. ಕಾರ್ಪೆಂಟರ್ ಅವರೇ ಹೇಳಿಕೊಂಡ ಕಥೆ ಇದು. ಚಿತ್ರಗಳು ಅವೇ. ಸೇರಿದ್ದು ಹತ್ತು ಅಕ್ಷರ ಮಾತ್ರ.

1973ರ ‘ದಿ ಎಕ್ಸಾರ್ಸಿಸ್ಟ್’ನಲ್ಲೂ ಇದೇ ಆಟ. ಅದರ ಪಿಯಾನೋ ತುಣುಕು ಸಿನಿಮಾಕ್ಕಾಗಿ ಮಾಡಿದ್ದಲ್ಲ. ಮೈಕ್ ಓಲ್ಡ್‌ಫೀಲ್ಡ್ ಎಂಬ ಹುಡುಗ ಇಪ್ಪತ್ತು ತುಂಬುವ ಮೊದಲು ರೆಕಾರ್ಡ್ ಮಾಡಿದ್ದ ‘ಟ್ಯೂಬುಲರ್ ಬೆಲ್ಸ್’ ಆಲ್ಬಮ್‌ನ ಆರಂಭ ಅದು. ಸುತ್ತು 15 ಎಣಿಕೆಯದು. 16 ಆಗಿದ್ದರೆ ಅದು ಮುದ್ದಾದ ಜೋಗುಳ ಆಗುತ್ತಿತ್ತು ಅಂತ ನನ್ನ ಅನಿಸಿಕೆ. ಒಂದು ಎಣಿಕೆ ಕಡಿಮೆಯಾದದ್ದಕ್ಕೆ ಇಷ್ಟೆಲ್ಲ ಆಯಿತು.

ಶಾರ್ಕ್ ಸಿನಿಮಾ ‘ಜಾಸ್’ (1975) ಬಗ್ಗೆ ಎಲ್ಲರೂ ಎರಡು ಸ್ವರದ ಮಾತಾಡುತ್ತಾರೆ. ಜಾನ್ ವಿಲಿಯಮ್ಸ್ ಅಕ್ಕಪಕ್ಕದ ಎರಡು ಸ್ವರ ಹಿಡಿದು, ಮೊದಲು ನಿಧಾನ, ಆಮೇಲೆ ಜೋರು ಮಾಡಿದರು, ನಿಜ. ನನಗೆ ಜಾಸ್ತಿ ಇಷ್ಟವಾಗುವುದು ಅವರು ಸಂಗೀತ ಹಾಕದೆ ಬಿಟ್ಟ ಜಾಗ. ಇಬ್ಬರು ಹುಡುಗರು ಶಾರ್ಕ್‌ನ ಸುಳ್ಳು ರೆಕ್ಕೆ ಇಟ್ಟುಕೊಂಡು ಜನರನ್ನು ಹೆದರಿಸುವ ದೃಶ್ಯದಲ್ಲಿ ಆ ಎರಡು ಸ್ವರ ಬರುವುದಿಲ್ಲ. ಸಂಗೀತ ಬಂದರೆ ಮಾತ್ರ ನಿಜವಾದ ಶಾರ್ಕ್ ಅನ್ನುವ ಒಪ್ಪಂದ ನಮಗೆ ಗೊತ್ತಿಲ್ಲದೆಯೇ ಆಗಿಹೋಗುತ್ತದೆ. ಆಮೇಲೆ, ದೋಣಿಯ ಹಿಂದೆ ನೀರಿಗೆ ಮೀನಿನ ಚೂರು ಎಸೆಯುವ ಹೊತ್ತಿನಲ್ಲಿ, ಯಾವ ಸಂಗೀತವೂ ಇಲ್ಲದೆ ಶಾರ್ಕ್ ತಲೆ ಎತ್ತುತ್ತದೆ. ಒಪ್ಪಂದ ಮುರಿಯಿತು. ಎದೆ ಧಸಕ್ ಅನ್ನುವುದು ಅಲ್ಲಿ.

ಒರಟು ಸದ್ದು

1960ರ ‘ಸೈಕೋ’ದ ಸ್ನಾನದಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತಗಾರ ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೆದರು. ಇಡೀ ಸಿನಿಮಾಕ್ಕೆ ಅವರು ಬಳಸಿದ್ದು ತಂತಿವಾದ್ಯ ಮಾತ್ರ. ಆ ದೃಶ್ಯದಲ್ಲಿ ವಯಲಿನ್‌ಗಳು ಹೊಂದದ ಸ್ವರಗಳನ್ನು ಒಂದರ ಮೇಲೊಂದು ಪೇರಿಸಿ, ಕಿರುಚುತ್ತ, ಇರಿಯುತ್ತ ಹೋಗುತ್ತವೆ. ಕೇಳಿದ ಮೇಲೆ ಹಿಚ್‌ಕಾಕ್ ಕೂಡ ಒಪ್ಪಿದರು.

ಅದು ಯಾಕೆ ಚುಚ್ಚುತ್ತದೆ ಅಂತ ನೀವೇ ಪರೀಕ್ಷೆ ಮಾಡಬಹುದು. ಬ್ರೌಸರ್‌ನಲ್ಲಿ ‘ಟೋನ್ ಜನರೇಟರ್’ ಅಂತ ಹುಡುಕಿ ಎರಡು ಟ್ಯಾಬ್ ತೆರೆಯಿರಿ. ವಾಲ್ಯೂಮ್ ಕಡಿಮೆ ಇರಲಿ. ಒಂದರಲ್ಲಿ 440 ಹರ್ಟ್ಜ್ (ಅಂದರೆ ಸೆಕೆಂಡಿಗೆ 440 ಕಂಪನ), ಇನ್ನೊಂದರಲ್ಲಿ 441. ಸೆಕೆಂಡಿಗೆ ಒಂದು ಸಲ ಸದ್ದು ಉಬ್ಬಿ ಇಳಿಯುತ್ತದೆ, ಉಸಿರಾಡಿದ ಹಾಗೆ. ಈಗ ಎರಡನೆಯದನ್ನು ಮೆಲ್ಲಗೆ 480ರವರೆಗೆ ಏರಿಸಿ. ಉಬ್ಬಿಳಿತ ಸೆಕೆಂಡಿಗೆ 40 ಸಲ ಆದಾಗ ಅದನ್ನು ಎಣಿಸಲು ಆಗುವುದಿಲ್ಲ. ಸದ್ದಿನ ಮೈಯೇ ಮರಳು ಕಾಗದದಂತೆ ಒರಟಾಗುತ್ತದೆ. ಟ್ಯಾಬ್ ಮುಚ್ಚಿಬಿಡಬೇಕು ಅನ್ನಿಸುತ್ತದೆ.

2015ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಮನುಷ್ಯರ ಕಿರುಚಾಟದಲ್ಲಿ ಹುಡುಕಿತು. ಸಾಧಾರಣ ಮಾತಿನಲ್ಲಿ ಸದ್ದಿನ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚಿದಾಗ ಅದು 30ರಿಂದ 150 ಸಲ. ಅಲಾರಂಗಳ ಸದ್ದೂ ಇದೇ ವ್ಯಾಪ್ತಿಯಲ್ಲಿ ಬರುತ್ತದೆ. ಮಿದುಳಿನಲ್ಲಿ ಭಯ ನೋಡಿಕೊಳ್ಳುವ ಅಮಿಗ್ಡಲಾ ಈ ಒರಟಿಗೆ ಬೇಗ ಎಚ್ಚರಗೊಳ್ಳುತ್ತದೆ. ಇದಕ್ಕೂ ಮೊದಲು, 2010ರಲ್ಲಿ, ಮಾರ್ಮಟ್ ಎಂಬ ದೊಡ್ಡ ಅಳಿಲಿನಂಥ ಪ್ರಾಣಿಯ ಕೂಗನ್ನು ಅಧ್ಯಯನ ಮಾಡುತ್ತಿದ್ದ ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಜೊತೆಗಾರರು ನೂರಕ್ಕೂ ಹೆಚ್ಚು ಸಿನಿಮಾಗಳ ಸದ್ದನ್ನು ಅಳೆದು ನೋಡಿದ್ದರು. ಹೆದರಿದ ಪ್ರಾಣಿ ಗಂಟಲಿನ ಮಿತಿ ಮೀರಿ ಕೂಗಿದಾಗ ದನಿ ಒಡೆಯುತ್ತದೆ, ಹರಿಯುತ್ತದೆ. ಅದೇ ಒಡಕು ಹಾರರ್ ಸಿನಿಮಾಗಳ ಸದ್ದಿನಲ್ಲೂ ಹೆಚ್ಚಾಗಿ ಸಿಕ್ಕಿತು. ಹರ್ಮನ್‌ಗೆ ಮಾರ್ಮಟ್ ಗೊತ್ತಿರಲಿಲ್ಲ ಬಿಡಿ. ಕಿವಿ ಗೊತ್ತಿತ್ತು.

‘ಯಾರದು’ ಅನ್ನುವ ಪ್ರಶ್ನೆಯನ್ನು ಬಚ್ಚಿಡಲು ಬೇರೆ ದಾರಿ ಇದೆ: ಜನ ಹೆಸರು ಹೇಳಲಾಗದ ವಾದ್ಯ ತರುವುದು. ವಾಟರ್‌ಫೋನ್ ಅಂಥದ್ದು. 1960ರ ದಶಕದ ಕೊನೆಯಲ್ಲಿ ರಿಚರ್ಡ್ ವಾಟರ್ಸ್ ಮಾಡಿದ್ದು. ಸ್ಟೀಲಿನ ಬೋಗುಣಿ, ಅದರ ಅಂಚಿಗೆ ಉದ್ದುದ್ದ ಲೋಹದ ಕಡ್ಡಿಗಳು, ಒಳಗೆ ಒಂದಿಷ್ಟು ನೀರು. ಕಡ್ಡಿಗೆ ವಯಲಿನ್ ಕಮಾನು ಉಜ್ಜಿದರೆ ಕೊರಗುವ ಸ್ವರ ಬರುತ್ತದೆ. ನೀರು ಅಲುಗಾಡಿದಂತೆ ಸ್ವರವೂ ಜಾರುತ್ತದೆ. ಪಾತ್ರ ಕತ್ತಲೆ ಕೋಣೆಗೆ ಕಾಲಿಡುವಾಗ ಕೇಳುವ ಆ ‘ಊಂಯ್’ ಸದ್ದು ಎಷ್ಟೋ ಸಲ ಇದರದ್ದೇ. ‘ದ ವಿಚ್’ (2015) ಸಿನಿಮಾದ ಸಂಗೀತಗಾರ ಮಾರ್ಕ್ ಕಾರ್ವೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಅಪ್ರಿಹೆನ್ಶನ್ ಎಂಜಿನ್’ ಅನ್ನುವ ಪೆಟ್ಟಿಗೆಯನ್ನೇ ಮಾಡಿಸಿಕೊಂಡರು. ಅದರಲ್ಲಿ ಲೋಹದ ಸ್ಕೇಲುಗಳು, ಸ್ಪ್ರಿಂಗ್, ತಿರುಗಿಸುವ ಚಕ್ರ ಎಲ್ಲ ಇವೆ. ಅದನ್ನು ನುಡಿಸುವ ವಿಡಿಯೋ ನೋಡಿ, ಭಯ ಹೋಗಿ ನಗು ಬರುತ್ತದೆ. ಸದ್ದಿನ ಯಜಮಾನ ಕಣ್ಣಿಗೆ ಬಿದ್ದುಬಿಟ್ಟ ಅಲ್ವಾ!

ಈ ಲೆಕ್ಕಕ್ಕೆ ಸಿಗದ ಒಂದು ಉದಾಹರಣೆಯನ್ನೂ ಹೇಳಬೇಕು. 1980ರ ‘ದ ಶೈನಿಂಗ್’ ಶುರುವಾಗುವಾಗ ಕೇಳುವ ಭಾರವಾದ ಸಿಂಥಸೈಸರ್ ರಾಗ ಗುರುತಿಲ್ಲದ್ದಲ್ಲ, ತೀರಾ ಹಳೆಯ ಗುರುತಿನದು. ‘ಡೀಸ್ ಈರೆ’ ಎಂಬ, ಸತ್ತವರಿಗಾಗಿ ಹಾಡುವ ಲ್ಯಾಟಿನ್ ಕೀರ್ತನೆ ಅದು. ಅದರ ಮೊದಲ ನಾಲ್ಕು ಸ್ವರ, ಕೋಮಲ ಗಾಂಧಾರ ಹಿಡಿದು, ಗ ರಿ ಗ ಸ. ಗುನುಗಿ ನೋಡಿ. ಒಮ್ಮೆ ಕಿವಿಗೆ ಹತ್ತಿದರೆ ಎಷ್ಟು ಸಿನಿಮಾಗಳಲ್ಲಿ ಇದು ಇಣುಕುತ್ತದೆ ಅಂತ ನೀವೇ ಲೆಕ್ಕ ಹಾಕುತ್ತೀರಿ.

19 ಹರ್ಟ್ಜ್ ಕಥೆ

‘ದೆವ್ವದ ಫ್ರೀಕ್ವೆನ್ಸಿ’ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಇದರ ಹಿಂದೆ ಒಂದು ನಿಜವಾದ ಘಟನೆ ಇದೆ. ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಒಂದು ಪ್ರಯೋಗಾಲಯದಲ್ಲಿ ರಾತ್ರಿ ಒಬ್ಬರೇ ಕೂತಿದ್ದಾಗ ಮೈ ಬೆವರಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ತಿರುಗಿ ನೋಡಿದರೆ ಇಲ್ಲ. ಮರುದಿನ ಕತ್ತಿವರಸೆಯ ಕತ್ತಿಯೊಂದನ್ನು ರಿಪೇರಿಗೆಂದು ಕಬ್ಬಿಣದ ವೈಸ್‌ಗೆ ಸಿಕ್ಕಿಸಿ ಬಿಗಿದಾಗ ಅದರ ಅಲಗು ತಾನೇ ಅದುರತೊಡಗಿತು. ಹುಡುಕಿದಾಗ ಹೊಸದಾಗಿ ಹಾಕಿದ್ದ ಫ್ಯಾನ್ ಸಿಕ್ಕಿತು. ಅದು ಸುಮಾರು 19 ಹರ್ಟ್ಜ್ ಸದ್ದು ಹೊರಡಿಸುತ್ತಿತ್ತು. ಕಿವಿಗೆ ಕೇಳುವುದು ಹೆಚ್ಚುಕಡಿಮೆ 20ರಿಂದ ಮೇಲೆ. ಫ್ಯಾನ್ ಸರಿಮಾಡಿದ ಮೇಲೆ ಸದ್ದೂ ಹೋಯಿತು, ಆಕೃತಿಯೂ ಹೋಯಿತು. 1998ರಲ್ಲಿ ಟ್ಯಾಂಡಿ ಇದನ್ನು ಪ್ರಬಂಧವಾಗಿ ಬರೆದರು.

ಇದು ಒಬ್ಬರ ಅನುಭವ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ. ಇನ್ನೊಂದು ಮಾತು: ನಿಮ್ಮ ಫೋನಿನ ಸ್ಪೀಕರ್ 19 ಹರ್ಟ್ಜ್ ಹೊರಡಿಸಲಾರದು. ಅದಕ್ಕೆ ದೊಡ್ಡ ಸಬ್‌ವೂಫರ್ ಬೇಕು. ಫೋನಿನಲ್ಲಿ ಆ ವಿಡಿಯೋ ನೋಡಿ ಹೆದರಿದರೆ ಅದು ಥಂಬ್‌ನೇಲ್‌ನ ಮಹಿಮೆ.

ನರಕದ ಬಾವಿ ಮತ್ತು ಮಂಜುಗಡ್ಡೆ

ಸಿನಿಮಾ ಸಂಗೀತದ ಲೋಕವೂ ವಿಚಿತ್ರ ಸದ್ದುಗಳ ಲೋಕವೂ ಒಂದನ್ನೊಂದು ಮುಟ್ಟುವ ಜಾಗ ಇದು. ಸೈಬೀರಿಯಾದಲ್ಲಿ ಭೂಮಿಯನ್ನು 14 ಕಿಲೋಮೀಟರ್ ಕೊರೆದರಂತೆ, ಒಳಗೆ ಮೈಕ್ ಇಳಿಸಿದರಂತೆ, ಸಾವಿರಾರು ಜನರ ಆರ್ತನಾದ ಕೇಳಿತಂತೆ. 1980ರ ದಶಕದ ಕೊನೆಯಲ್ಲಿ ಹಬ್ಬಿದ ಕಥೆ. ಆಮೇಲೆ ಅದರ ‘ಆಡಿಯೋ’ ಕೂಡ ಹರಿದಾಡಿತು. ಕೆದಕಿ ನೋಡಿದರೆ, ಅದು 1972ರ ‘ಬ್ಯಾರನ್ ಬ್ಲಡ್’ ಎಂಬ ಹಾರರ್ ಸಿನಿಮಾದ ಸದ್ದನ್ನೇ ಕತ್ತರಿಸಿ, ಮಸಾಲೆ ಸೇರಿಸಿ ಮಾಡಿದ್ದು. ಸಿನಿಮಾದಲ್ಲಿ ಅದು ಹಿನ್ನೆಲೆ. ‘ನರಕ’ ಅಂತ ಚೀಟಿ ಅಂಟಿಸಿದ ಮೇಲೆ ಸಾಕ್ಷಿ. (ನಿಜವಾದ ಆಳದ ಬಾವಿ ರಷ್ಯಾದ ಕೋಲಾದಲ್ಲಿದೆ, 12,262 ಮೀಟರ್. ಕೊರೆತ ನಿಂತಿದ್ದು ಬಿಸಿಯಿಂದ, ದೆವ್ವದಿಂದ ಅಲ್ಲ.)

ವೇಗದ ಮೋಸ ಇದಕ್ಕಿಂತ ಸೂಕ್ಷ್ಮ. ‘ಬ್ಲೂಪ್’ ಕೇಳಿದ್ದೀರಾ? 1997ರಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾದ ನೀರೊಳಗಿನ ಮೈಕ್‌ಗಳು ಪೆಸಿಫಿಕ್‌ನಲ್ಲಿ ಹಿಡಿದ ಸದ್ದು. ಸಾವಿರಾರು ಕಿಲೋಮೀಟರ್ ದೂರದ ಮೈಕ್‌ಗಳಿಗೂ ಕೇಳಿಸಿತ್ತು. ಇಂಟರ್‌ನೆಟ್‌ನಲ್ಲಿ ಅದನ್ನು ಕೇಳಿದರೆ ಯಾವುದೋ ದೈತ್ಯ ಜೀವಿ ‘ಗ್ಲುಪ್’ ಅಂತ ನುಂಗಿದ ಹಾಗೆ ಇರುತ್ತದೆ. ಆ ಕ್ಲಿಪ್ 16 ಪಟ್ಟು ವೇಗದ್ದು. ಅಸಲಿ ಸದ್ದು ಉದ್ದನೆಯ, ತಗ್ಗಿದ ಗುಡುಗು. ದೊಡ್ಡ ಮಂಜುಗಡ್ಡೆ ಬಿರಿಯುವಾಗ ಬರುವ ಸದ್ದು ಅದು ಅಂತ ನೋವಾ ಆಮೇಲೆ ತೀರ್ಮಾನಿಸಿತು. ವೇಗ ಹೆಚ್ಚಿಸಿದ್ದು ಮೋಸಕ್ಕಲ್ಲ, ಅಷ್ಟು ತಗ್ಗಿನ ಸದ್ದು ನಮ್ಮ ಕಿವಿಗೆ ಸಿಗಲಿ ಅಂತ. ಆದರೆ ಕ್ಲಿಪ್ ಕೈಯಿಂದ ಕೈಗೆ ಹೋಗುವಾಗ ಆ ಒಂದು ಸಾಲಿನ ವಿವರಣೆ ಉದುರಿಹೋಗುತ್ತದೆ, ಗ್ಲುಪ್ ಉಳಿಯುತ್ತದೆ.

2022ರಲ್ಲಿ ನಾಸಾ ಹಾಕಿದ ಪರ್ಸಿಯಸ್ ಕಪ್ಪುಕುಳಿಯ ‘ಹಾಡು’ ಕೂಡ ಹೀಗೇ. ಆ ನರಳಾಟ ಕೇಳಿ ಜನ ಬೆಚ್ಚಿದ್ದರು. ಅಲ್ಲಿ ಯಾರೂ ಮೈಕ್ ಇಟ್ಟಿರಲಿಲ್ಲ. ಎಕ್ಸ್-ರೇ ದೂರದರ್ಶಕಕ್ಕೆ ಕಂಡ ಅನಿಲದ ಅಲೆಗಳನ್ನು ಸ್ವರ ಮಾಡಿ, 57–58 ಸ್ಥಾಯಿ ಮೇಲಕ್ಕೆ ಏರಿಸಿದ್ದು. ಒಂದು ಸ್ಥಾಯಿ ಅಂದರೆ ಎರಡು ಪಟ್ಟು. ಹಾಗೆ 57 ಸಲ.

ಎಡಿಸನ್ನನ ಮಾತಾಡುವ ಗೊಂಬೆಗಳಲ್ಲಿ ಮಾತ್ರ ನನಗೆ ಇವತ್ತಿಗೂ ಧೈರ್ಯ ಸಾಲದು. 1890ರಲ್ಲಿ ಮಾರಿದ ಈ ಗೊಂಬೆಗಳ ಹೊಟ್ಟೆಯಲ್ಲಿ, ಮೇಣದ ಉರುಳೆಯಿಂದ ದನಿ ನುಡಿಸುವ ಪುಟ್ಟ ಫೋನೋಗ್ರಾಫ್ ಇತ್ತು. ಬೆನ್ನ ಹಿಡಿಕೆ ತಿರುಗಿಸಿದರೆ ಗೊಂಬೆ ಮಕ್ಕಳ ಪದ್ಯ ಹೇಳಬೇಕು. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವ ತಂತ್ರ ಆಗ ಇರಲಿಲ್ಲ. ಅದಕ್ಕೆ ಹುಡುಗಿಯರು ಕೂತು ಒಂದೊಂದು ಗೊಂಬೆಗೂ ಬೇರೆಬೇರೆಯಾಗಿ ಪದ್ಯ ಹೇಳಿದ್ದರು. ಮೇಣ ಬೇಗ ಸವೆಯಿತು, ಮಕ್ಕಳು ಹೆದರಿದರು, ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಈಗ ಆ ಮೇಣಕ್ಕೆ ಸೂಜಿ ಮುಟ್ಟಿಸಿದರೆ ಇದ್ದಬದ್ದದ್ದೂ ಹಾಳು. ಹಾಗಾಗಿ ತೋಡಿನ ಚಿತ್ರವನ್ನು ಸೂಕ್ಷ್ಮದರ್ಶಕದಲ್ಲಿ ತೆಗೆದು, ಅದರಿಂದ ಸದ್ದು ಕಟ್ಟಿದರು. 2015ರ ಹೊತ್ತಿಗೆ ಅದು ಎಲ್ಲರಿಗೂ ಕೇಳಸಿಕ್ಕಿತು. ಒಂದು ಗೊಂಬೆ ಮಲಗುವ ಮುನ್ನ ಹೇಳುವ ಪ್ರಾರ್ಥನೆ ಹೇಳುತ್ತದೆ. ಹೇಳುವುದಲ್ಲ, ಕೂಗುತ್ತದೆ. ಆಗಿನ ಯಂತ್ರಕ್ಕೆ ದನಿ ದಾಖಲಾಗಬೇಕಾದರೆ ಗಟ್ಟಿಯಾಗಿ ಕೂಗಲೇಬೇಕಿತ್ತು. ಕಾರಣ ಗೊತ್ತು. ಆದರೂ ರಾತ್ರಿ ಹೊತ್ತು ನಾನದನ್ನು ಹಾಕುವುದಿಲ್ಲ.

ಸತ್ತವರ ದನಿ ಅಂತ ಬರುವ ಕ್ಲಿಪ್‌ಗಳ ಮೂಲ 1959ರಲ್ಲಿದೆ. ಸ್ವೀಡನ್‌ನ ಫ್ರೆಡ್ರಿಕ್ ಯುರ್ಗೆನ್ಸನ್ ಹಕ್ಕಿಗಳ ದನಿ ರೆಕಾರ್ಡ್ ಮಾಡಲು ಹೋಗಿ, ಟೇಪಿನಲ್ಲಿ ಮನುಷ್ಯರ ಮಾತು ಕೇಳಿತು ಅಂದರು. ಕತ್ತಲಲ್ಲಿ ಹಗ್ಗ ಹಾವಾಗುವುದು ಕಣ್ಣಿಗೆ ಮಾತ್ರ ಅಲ್ಲ, ಕಿವಿಗೂ ಆಗುತ್ತದೆ. ಅದರಲ್ಲೂ ಪರದೆಯ ಮೇಲೆ ಮೊದಲೇ ‘ನನ್ನನ್ನು ಕಾಪಾಡು’ ಅಂತ ಅಕ್ಷರ ತೋರಿಸಿದರೆ ಬರೀ ಗರಗರವೂ ಹಾಗೇ ಹೇಳುತ್ತದೆ. ಇಂಥ ಕ್ಲಿಪ್ ಸಿಕ್ಕರೆ ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ಬೇರೆಯವರಿಗೆ ಏನೂ ಹೇಳದೆ ಕೇಳಿಸಿ, ಏನು ಕೇಳಿತು ಅಂತ ವಿಚಾರಿಸಿ. ಉತ್ತರ ಬಹುತೇಕ ‘ಗೊತ್ತಾಗಲಿಲ್ಲ’.

ಎಲ್ಲಿ ಹುಡುಕುವುದು

ಸುಮ್ನೆ ‘ಭಯಾನಕ ಸದ್ದು’ ಅಂತ ಹುಡುಕಿದರೆ ಮೂರನೆಯ ಕೈಯ ಸರಕೇ ಸಿಗುವುದು. ಮೂಲಕ್ಕೆ ಹೋಗಿ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ 78 ಆರ್‌ಪಿಎಂ ತಟ್ಟೆಗಳು ರಾಶಿ ರಾಶಿ ಇವೆ. ಮೇಣದ ಸಿಲಿಂಡರ್‌ಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಸಂಗ್ರಹ. ಬಿಬಿಸಿ ತನ್ನ ಸೌಂಡ್ ಎಫೆಕ್ಟ್‌ಗಳನ್ನು 2018ರಿಂದ ಕೇಳಲು ಬಿಟ್ಟಿದೆ. ಹಕ್ಕಿಪಕ್ಷಿಗಳಿಗೆ ಕ್ಸೇನೋ-ಕ್ಯಾಂಟೋ ವೆಬ್‌ಸೈಟ್. ಅಲ್ಲಿ ಕಣಜಗೂಬೆಯ ಕಿರುಚಾಟ ಕೇಳಿದರೆ ಎಷ್ಟು ದೆವ್ವದ ವಿಡಿಯೋಗಳು ಅದರ ದಯೆಯಿಂದ ಬದುಕಿವೆ ಅಂತ ಗೊತ್ತಾಗುತ್ತದೆ.

ಸಿನಿಮಾ ಸಂಗೀತ ಹುಡುಕುವವರಿಗೆ ಒಂದು ಎಚ್ಚರಿಕೆ. ಆಲ್ಬಮ್‌ನಲ್ಲಿ ಇರುವುದು ಸಿನಿಮಾದಲ್ಲಿ ಕೇಳಿದ್ದೇ ಆಗಿರಬೇಕಿಲ್ಲ. ‘ಸೈಕೋ’ ಸಂಗೀತವನ್ನು ಹರ್ಮನ್ 1975ರಲ್ಲಿ ಮತ್ತೆ ರೆಕಾರ್ಡ್ ಮಾಡಿದರು, ಅದು ಸಿನಿಮಾದ್ದಕ್ಕಿಂತ ನಿಧಾನ. ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಸಂಗೀತಗಾರನ ಹೆಸರು ಹುಡುಕಿ ಸುಸ್ತಾಗಬೇಡಿ. ಅದರ ಬಹುಪಾಲು ಸಂಗೀತ ರೆಡಿಮೇಡ್, ‘ಲೈಬ್ರರಿ ಮ್ಯೂಸಿಕ್’ ಅನ್ನುತ್ತಾರೆ. ಈ ಪದ ಹಾಕಿ ಹುಡುಕಿದರೆ ಬೇರೆಯೇ ಒಂದು ಗುಹೆ ತೆರೆಯುತ್ತದೆ. ಗಾಬ್ಲಿನ್ ತಂಡದ ‘ಸುಸ್ಪೀರಿಯಾ’ (1977) ಇಷ್ಟವಾದರೆ ‘ಜಾಲೋ’ (giallo, ಇಟಲಿಯ ಕೊಲೆ-ರಹಸ್ಯದ ಸಿನಿಮಾಗಳ ಹೆಸರು) ಅಂತ ಹುಡುಕಿ, ಅಲ್ಲಿನ ಆ ಕಾಲದ ಸಂಗೀತ ಸಾಲುಗಟ್ಟಿ ಬರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಂಬರ್ ಸ್ಟೇಷನ್. ಶಾರ್ಟ್‌ವೇವ್ ರೇಡಿಯೋದಲ್ಲಿ ಒಂದು ದನಿ ಏರಿಳಿತವೇ ಇಲ್ಲದೆ ಅಂಕೆಗಳನ್ನು ಓದುತ್ತಾ ಹೋಗುತ್ತದೆ. ಯಾರಿಗೆ ಅಂತ ಹೇಳುವುದಿಲ್ಲ. ಇಂಥ ದನಿಗಳನ್ನು ನಾಲ್ಕು ಸಿಡಿಗಳಲ್ಲಿ ತುಂಬಿ 1997ರಲ್ಲಿ ‘ದ ಕೋನೆಟ್ ಪ್ರಾಜೆಕ್ಟ್’ ಅಂತ ತಂದರು. ಕೆಲಸ ಸರಳ. ಗೂಢಚಾರನ ಬಳಿ ಒಂದು ಅಂಕೆಗಳ ಪುಸ್ತಕ ಇರುತ್ತದೆ, ಅದರ ಜೋಡಿ ಕಳಿಸುವವರ ಬಳಿ. ಸಂದೇಶದ ಅಂಕೆ 7, ಪುಸ್ತಕದ ಅಂಕೆ 5 ಅನ್ನಿ. ಕೂಡಿದರೆ 12, ಹತ್ತನ್ನು ಬಿಟ್ಟು 2 ಅಂತಷ್ಟೇ ರೇಡಿಯೋದಲ್ಲಿ ಓದುತ್ತಾರೆ. ಕೇಳಿದವನು ಹತ್ತು ಸೇರಿಸಿಕೊಂಡು 12ರಿಂದ 5 ಕಳೆದರೆ 7 ಸಿಗುತ್ತದೆ. ಹಾಳೆಯನ್ನು ಒಮ್ಮೆ ಬಳಸಿ ಸುಟ್ಟರೆ ಕಂಪ್ಯೂಟರ್ ಕೂಡ ಬಿಡಿಸಲಾರದು. ರೇಡಿಯೋ ಕೇಳಿದ್ದಕ್ಕೆ ಗುರುತೂ ಉಳಿಯುವುದಿಲ್ಲ. ಕ್ಯೂಬಾ ಪರ ಕೆಲಸ ಮಾಡಿ 2001ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಗುಪ್ತಚರ ಅಧಿಕಾರಿ ಆ್ಯನಾ ಮೊಂಟೆಸ್‌ಗೆ ಆದೇಶಗಳು ಬರುತ್ತಿದ್ದುದು ಶಾರ್ಟ್‌ವೇವ್‌ನಲ್ಲಿ ಅಂಕೆಗಳಾಗಿಯೇ.

ಇದನ್ನು ಲೈವ್ ಆಗಿ ಕೇಳಲು ರೇಡಿಯೋ ಕೂಡ ಬೇಡ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ (ಬ್ರೌಸರ್‌ನಲ್ಲೇ ಕೇಳುವ ರೇಡಿಯೋ) ತೆರೆದು 4625 ಕಿಲೋಹರ್ಟ್ಜ್ ಅಂತ ಹಾಕಿ. ಯುರೋಪಿನಲ್ಲಿ ಕತ್ತಲಾದ ಮೇಲೆ ಹಾಕಿದರೆ ಸ್ಪಷ್ಟವಾಗಿ ಬರುತ್ತದೆ, ಈ ಅಲೆಗಳು ದೂರ ಹೋಗುವುದೇ ರಾತ್ರಿ. ರಷ್ಯಾದಿಂದ ಬರುವ ಆ ಸದ್ದಿಗೆ ಕೇಳುಗರು ಇಟ್ಟ ಹೆಸರು ‘ಬಝರ್’. ಒಂದು ಸೆಕೆಂಡಿನ ‘ಝ್‌ಝ್’, ಒಂದು ಸೆಕೆಂಡ್ ಮೌನ, ಮತ್ತೆ ‘ಝ್‌ಝ್’. ದಶಕಗಳಿಂದ ಹೀಗೇ. ಆಗಾಗ ಅದು ನಿಂತು ಒಂದು ಗಂಡು ದನಿ ಕೆಲವು ಹೆಸರು, ಅಂಕೆ ಓದಿ ಹೋಗುತ್ತದೆ. ಕೆಲವು ಸಲ ಝ್‌ಝ್ ಹಿಂದೆ ಯಾರೋ ದೂರದಲ್ಲಿ ಮಾತಾಡಿದ್ದೂ ಕೇಳಿದೆ. ಅಂದರೆ ಎಲ್ಲೋ ಒಂದು ಕೋಣೆಯಲ್ಲಿ ಯಂತ್ರದ ಎದುರು ಮೈಕ್ ಆನ್ ಆಗಿಯೇ ಇದೆ. ನಾನು ಕೂತಿದ್ದ ರಾತ್ರಿ ನಲವತ್ತು ನಿಮಿಷ ಬರೀ ಝ್‌ಝ್. ಒಂದು ಸಲ ಕುರ್ಚಿ ಎಳೆದ ಹಾಗೆ ಕೇಳಿಸಿತು. ಅದು ಆ ಕೋಣೆಯದೋ, ನನ್ನ ಮನೆಯದೋ ಅಂತ ಹೆಡ್‌ಫೋನ್ ತೆಗೆದು ನೋಡಿದೆ.